ಸಮುದ್ರದ ಒಳಹರಿವು ಮತ್ತು ನಮ್ಮ ಮುಂಗಾರು



2023ನೆಯ ಇಸವಿಯ ಜೂನ್ ತಿಂಗಳ ಕೊನೆಯ ವಾರ. ಮೃಗಶಿರಾ ಮಳೆ ಕೈಕೊಟ್ಟಿತ್ತು. ಆರಿದ್ರಾ ಹುಟ್ಟಿದರೂ ಮುಂಗಾರಿ ಬಿತ್ತಿಗೆಗೆ ಹದ ಸಿಕ್ಕಿರಲಿಲ್ಲ. ಕುಲಗೋಡದಲ್ಲಿ ಸೇರಿದ ರೈತರ ಸಭೆಯಲ್ಲಿ ನಾನು, ಈ ವರ್ಷ ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುತ್ತಿದೆ, ಅದಕ್ಕೆ ಎಲ್ ನಿನೊ ಎನ್ನುತ್ತಾರೆ, ಮಳೆ ಕಡಿಮೆಯಾಗುವ ಸಂಭವವಿದೆ, ಆದ್ದರಿಂದ ಒಣಬೇಸಾಯದ ರೈತರು ಎಚ್ಚರಿಕೆಯಿಂದ ಬಿತ್ತಬೇಕು ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಸಾಹೇಬ್ರ, ಎಲ್ಲಿ ಪೆಸಿಫಿಕ್ ಸಾಗರ, ಎಲ್ಲಿ ನಮ್ಮ ಕುಲಗೋಡ? ಅಲ್ಲಿ ನೀರು ಬೆಚ್ಚಗಾದರ ಇಲ್ಲಿ ನಮ್ಮ ಕೂರಿಗಿ ಯಾಕ ನಿಲ್ಲಬೇಕ್ರಿ? ಆ ಸಮುದ್ರದ ತಳಾ ಯಾರು ಇಳದು ನೋಡ್ಯಾರ?"

"ಸಂಬಂಧ ಐತ್ರಿ ಅಜ್ಜಾರ, ಆದರ ಒಂದು ಮಾತಿನ್ಯಾಗ ಹೇಳಾಕ ಬರೂದಿಲ್ಲ" ಎಂದು ನಾನು ಜಾರಿಕೊಂಡೆ. ಸಭೆ ನಕ್ಕಿತು. ಆ ಎರಡೂ ಪ್ರಶ್ನೆಗಳಿಗೆ ಈ ಲೇಖನದಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಮೊದಲು ಎರಡನೆಯ ಪ್ರಶ್ನೆ, ಅಂದರೆ ಸಮುದ್ರದ ಒಳಗೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ತಿಳಿಯುವುದು ಹೇಗೆ ಎಂಬುದನ್ನು ನೋಡೋಣ. ಪುಸ್ತಕಗಳಲ್ಲಿ ಇದನ್ನು ಸಾಗರ ಪ್ರವಾಹವೆಂದು ಬರೆಯುತ್ತಾರೆ. ಘಟಪ್ರಭೆಯ ದಂಡೆಯಲ್ಲಿ ಪ್ರವಾಹವೆಂದರೆ ನೆರೆ ಎಂದೇ ಅರ್ಥವಾದ್ದರಿಂದ ನಾನು ಹರಿವು ಎಂಬ ಶಬ್ದವನ್ನೇ ಬಳಸುತ್ತೇನೆ.

ಶಾಖದ ಹಗೇವು

ಕುಲಗೋಡದಿಂದ ನೇರವಾಗಿ ಅಳೆದರೆ ಅರಬ್ಬೀ ಸಮುದ್ರ ಸುಮಾರು ನೂರೈವತ್ತು ಕಿಲೋಮೀಟರ್ ದೂರದಲ್ಲಿದೆ. ನಡುವೆ ಸಹ್ಯಾದ್ರಿ ಅಡ್ಡ ನಿಂತಿರುವುದರಿಂದ ನಮ್ಮದು ಮಳೆನೆರಳಿನ ಸೀಮೆ. ಘಟ್ಟದ ಮೇಲೆ ಸುರಿಯುವ ಮಳೆಯ ಸಣ್ಣ ಪಾಲಷ್ಟೇ ಇಲ್ಲಿಗೆ ತಲುಪುತ್ತದೆ. ಹೊಲಕ್ಕೆ ಬೀಳುವ ಹನಿಯಾಗಲಿ, ಹಿಡಕಲ್ ಜಲಾಶಯಕ್ಕೆ ಸೇರಿ ಕಾಲುವೆಯಲ್ಲಿ ಬರುವ ನೀರಾಗಲಿ, ಹೆಚ್ಚಿನ ಪಾಲು ಸಮುದ್ರದ ಮೇಲಿನಿಂದ ಗಾಳಿ ಹೊತ್ತು ತಂದದ್ದೇ.

ನೀರನ್ನು ಆವಿಯಾಗಿಸಲು ಶಾಖ ಬೇಕು. ಆ ಶಾಖವನ್ನು ಕೂಡಿಟ್ಟುಕೊಳ್ಳುವ ಹಗೇವು ಸಮುದ್ರ. ಭೂಮಿಯನ್ನು ಸುತ್ತಿರುವ ಇಡೀ ಗಾಳಿಯಲ್ಲಿ ಎಷ್ಟು ಶಾಖ ಹಿಡಿಯುವುದೋ ಅಷ್ಟನ್ನು ಸಮುದ್ರದ ಮೇಲಿನ ಸುಮಾರು ಮೂರು ಮೀಟರ್ ನೀರೇ ಹಿಡಿದಿಟ್ಟುಕೊಳ್ಳಬಲ್ಲದು. ಸಮುದ್ರದ ಸರಾಸರಿ ಆಳ 3,700 ಮೀಟರಿನಷ್ಟಿದೆ. ಹೊಗೆ ಅನಿಲಗಳು ಹೆಚ್ಚಿದ್ದರಿಂದ ಭೂಮಿಯಲ್ಲಿ ಉಳಿಯುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಸಮುದ್ರವನ್ನೇ ಸೇರುತ್ತಿದೆ. ಗಾಳಿ ಇಂದು ಬಿಸಿ, ನಾಳೆ ತಂಪು. ಸಮುದ್ರ ಹಾಗಲ್ಲ. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಕಾದ ನೀರನ್ನು ತಿಂಗಳುಗಟ್ಟಲೆ ಬೇರೆ ಕಡೆಗೆ ಸಾಗಿಸುತ್ತದೆ. ಮುಂಬರುವ ಹಂಗಾಮಿನ ಸುಳಿವು ಗಾಳಿಯಲ್ಲಿ ಸಿಗದಿದ್ದರೂ ಸಮುದ್ರದಲ್ಲಿ ಸಿಗುವುದು ಈ ಕಾರಣದಿಂದ.

ಮೇಲಿನ ಹರಿವು

ಅರಬ್ಬೀ ಸಮುದ್ರಕ್ಕೆ ಒಂದು ವಿಶೇಷ ಗುಣವಿದೆ. ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳ ದೊಡ್ಡ ಹರಿವುಗಳು ವರ್ಷವಿಡೀ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸಾಗುತ್ತವೆ. ನಮ್ಮ ಉತ್ತರ ಹಿಂದೂ ಮಹಾಸಾಗರದಲ್ಲಿ ಮಾತ್ರ ಗಾಳಿ ಹಂಗಾಮಿಗೆ ತಕ್ಕಂತೆ ತಿರುಗುವುದರಿಂದ ನೀರೂ ತಿರುಗುತ್ತದೆ. ಆಫ್ರಿಕದ ಸೊಮಾಲಿಯ ಕರಾವಳಿಯ ಹರಿವು ನಮ್ಮ ಮುಂಗಾರಿನಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಮುಂಗಾರಿನ ಭರದಲ್ಲಿ ಅದರ ವೇಗ ಸೆಕೆಂಡಿಗೆ ಎರಡು ಮೀಟರನ್ನೂ ಮೀರುವುದುಂಟು. ಅರಬ್ ನಾವಿಕರು ಇದನ್ನು ಶತಮಾನಗಳ ಹಿಂದೆಯೇ ಅರಿತು ಹಾಯಿ ಬಿಚ್ಚುತ್ತಿದ್ದರು.

ಹಡಗು ತಾನು ಹೋಗಬೇಕಾದ ದಾರಿಯಿಂದ ಎಷ್ಟು ಪಕ್ಕಕ್ಕೆ ಸರಿಯಿತೆಂದು ಲೆಕ್ಕ ಹಾಕಿ ಹರಿವನ್ನು ತಿಳಿಯುವುದು ಹಳೆಯ ಕ್ರಮ. ಚೀಟಿಯಿಟ್ಟ ಬಾಟಲಿಗಳನ್ನು ತೇಲಿಬಿಡುವುದು ಇನ್ನೊಂದು ಕ್ರಮ. 1992ರ ಜನವರಿಯಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಹಡಗೊಂದರಿಂದ ಮಕ್ಕಳ ಸ್ನಾನದ ಪ್ಲಾಸ್ಟಿಕ್ ಆಟಿಕೆಗಳ ಪೆಟ್ಟಿಗೆ ನೀರಿಗೆ ಬಿತ್ತು. ಬಾತುಕೋಳಿ, ಆಮೆ, ಕಪ್ಪೆ ಹೀಗೆ ಸುಮಾರು 29 ಸಾವಿರ ಗೊಂಬೆಗಳು! ಹತ್ತು ತಿಂಗಳ ನಂತರ ಅವು ಅಲಾಸ್ಕದ ದಂಡೆಗೆ ಬರತೊಡಗಿದವು. ವಿಜ್ಞಾನಿಗಳು ಅವುಗಳ ಜಾಡನ್ನು ವರ್ಷಗಟ್ಟಲೆ ಬೆನ್ನುಹತ್ತಿ ಆ ಸಾಗರದ ಮೇಲಿನ ಸುತ್ತು ಎಷ್ಟು ಕಾಲದ್ದೆಂದು ಅಂದಾಜು ಮಾಡಿದರು. ತೇಲುವ ವಸ್ತುವಿನಿಂದ ಮೇಲ್ಮೈಯ ಸುದ್ದಿ ಮಾತ್ರ ತಿಳಿಯುತ್ತದೆ, ಅದರಲ್ಲಿಯೂ ಗಾಳಿಯ ನೂಕು ಬೆರೆತಿರುತ್ತದೆ. ಒಳಗಿನ ಹರಿವಿಗೆ ಬೇರೆ ಉಪಾಯ ಬೇಕು.

ಉಪ್ಪಿನ ಗುರುತು

ಈ ಉಪಾಯ ಘಟಪ್ರಭಾ ಕಾಲುವೆ ಪ್ರದೇಶದ ರೈತರಿಗೆ ಹೊಸದಲ್ಲ. ಹೊಲ ಸವಳಾಗಿದೆಯೋ ಇಲ್ಲವೋ ಎಂದು ತಿಳಿಯಲು ಮಣ್ಣು ಪರೀಕ್ಷೆ ಮಾಡಿಸಿದಾಗ ಚೀಟಿಯಲ್ಲಿ 'ವಿದ್ಯುತ್ ವಾಹಕತೆ' ಎಂಬ ಅಂಕಿ ಇರುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಮಣ್ಣಿನ ಸಂತೃಪ್ತ ದ್ರಾವಣದಲ್ಲಿ ಈ ಅಂಕಿ 4 ದಾಟಿದರೆ ಸವಳು ಭೂಮಿ ಎನ್ನುತ್ತೇವೆ. ಸಮುದ್ರದ ನೀರಿನಲ್ಲಿ ಅದು 50ರ ಆಸುಪಾಸು! ಸಮುದ್ರ ವಿಜ್ಞಾನಿಯು ಇದೇ ತತ್ವದ ಉಪಕರಣವನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ಆಳಕ್ಕೆ ಇಳಿಸಿ, ಪ್ರತಿ ಮಟ್ಟದಲ್ಲಿಯೂ ಉಪ್ಪು ಎಷ್ಟು, ಉಷ್ಣತೆ ಎಷ್ಟು ಎಂದು ಅಳೆಯುತ್ತಾನೆ.

ಇದರಿಂದ ಹರಿವು ಗೊತ್ತಾಗುವುದು ಹೇಗೆ? ಮೇಲ್ಮೈಯಲ್ಲಿದ್ದಾಗ ನೀರು ಬಿಸಿಲಿನಿಂದ ಶಾಖವನ್ನೂ, ಆವಿಯಾಗಿ ಇಲ್ಲವೆ ಮಳೆ ಬೆರೆತು ತನ್ನದೇ ಪ್ರಮಾಣದ ಉಪ್ಪನ್ನೂ ಪಡೆದುಕೊಳ್ಳುತ್ತದೆ. ಒಮ್ಮೆ ಒಳಗಿಳಿದ ಮೇಲೆ ಬೇರೆ ನೀರಿನೊಡನೆ ಬೆರೆಯುವವರೆಗೆ ಈ ಎರಡು ಗುಣಗಳು ಅದರೊಂದಿಗೇ ಇರುತ್ತವೆ. ಎರಡು ಹೊಳೆ ಕೂಡುವಲ್ಲಿ ಒಂದರ ಕೆಂಪು ನೀರು ಸ್ವಲ್ಪ ದೂರ ಬೇರೆಯಾಗಿಯೇ ಸಾಗುವುದನ್ನು ನೀವು ನೋಡಿರಬಹುದು. ಅಲ್ಲಿ ಬಣ್ಣ ಗುರುತಾದರೆ ಇಲ್ಲಿ ಉಪ್ಪು ಗುರುತು.

ಅರಬ್ಬೀ ಸಮುದ್ರದಲ್ಲಿ ಆವಿಯಾಗುವುದು ಹೆಚ್ಚು, ಸೇರುವ ನದಿಗಳು ಕಡಿಮೆ. ಅಲ್ಲಿ ಕಿಲೋಗ್ರಾಮ್ ನೀರಿಗೆ ಸುಮಾರು 36 ಗ್ರಾಮ್ ಉಪ್ಪಿದೆ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರೆ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲ ಸೇರುತ್ತವೆ. ಕೊಲ್ಲಿಯ ಉತ್ತರದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ನೀರಿನ ಉಪ್ಪು 30 ಗ್ರಾಮಿನ ಹತ್ತಿರಕ್ಕೆ ಇಳಿಯುತ್ತದೆ. ಗೋಕಾಕದಲ್ಲಿ ಧುಮುಕಿ ಮುಂದೆ ಹೋದ ಘಟಪ್ರಭೆಯ ನೀರಿನಲ್ಲಿ ನಾವು ಬಳಸದೆ ಉಳಿದದ್ದು ಸೇರುವುದೂ ಈ ಕೊಲ್ಲಿಯನ್ನೇ.

ಆ ನೀರಿನ ಮುಂದಿನ ಪ್ರಯಾಣ ಸ್ವಾರಸ್ಯಕರವಾಗಿದೆ. ಮಳೆಗಾಲ ಕಳೆದ ಮೇಲೆ ಕೊಲ್ಲಿಯ ಉಪ್ಪು ಕಡಿಮೆಯಾದ ನೀರು ಆಂಧ್ರ, ತಮಿಳುನಾಡಿನ ಕರಾವಳಿಗುಂಟ ದಕ್ಷಿಣಕ್ಕೆ ಇಳಿದು, ಶ್ರೀಲಂಕೆಯನ್ನು ಸುತ್ತಿ, ಚಳಿಗಾಲದಲ್ಲಿ ಕೇರಳ ಮತ್ತು ಕರ್ನಾಟಕದ ಕರಾವಳಿಯ ಕಡೆಗೆ ಬರುತ್ತದೆ. ಉಪ್ಪು ಕಡಿಮೆ ಇರುವ ನೀರು ಹಗುರ. ಹಾಲಿನ ಮೇಲಿನ ಕೆನೆಯಂತೆ ಅದು ಮೇಲೆಯೇ ನಿಲ್ಲುವುದರಿಂದ ಒಳಗಿನ ತಂಪು ನೀರು ಸುಲಭವಾಗಿ ಮೇಲೆ ಬಂದು ಬೆರೆಯಲಾರದು. ಬಿಸಿಲಿನ ಶಾಖ ಮೇಲಿನ ಪದರದಲ್ಲಿಯೇ ಉಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಲಕ್ಷದ್ವೀಪದ ಸುತ್ತಲಿನ ಕಡಲು 30 ಡಿಗ್ರಿ ಸೆಂಟಿಗ್ರೇಡನ್ನು ದಾಟಿ, ಜಗತ್ತಿನ ಅತಿ ಬೆಚ್ಚನೆಯ ಸಮುದ್ರಭಾಗಗಳಲ್ಲಿ ಒಂದಾಗುವುದಕ್ಕೆ ಇದೂ ಒಂದು ಕಾರಣ. ಮುಂಗಾರು ಕೇರಳಕ್ಕೆ ಕಾಲಿಡುವುದು ಈ ಬೆಚ್ಚನೆಯ ನೀರಿನ ಮಗ್ಗುಲಲ್ಲಿಯೇ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ದಾರಿಯನ್ನು ಅಳತೆಗಳಿಂದ ಬಿಡಿಸಿದವರಲ್ಲಿ ಪ್ರಮುಖರು. ಹೀಗೆ ನಮ್ಮ ಹೊಳೆ ಹಳ್ಳದ ನೀರಿಗೂ ಮುಂದಿನ ವರ್ಷದ ಮುಂಗಾರಿಗೂ ಎಳೆಯಷ್ಟಾದರೂ ಸಂಬಂಧವಿದೆ.

ಬೇಸಿಗೆಯ ಹರಿವು ಇದಕ್ಕೆ ತಿರುಗುಮುರುಗು. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಉಪ್ಪು ಹೆಚ್ಚಿನ ನೀರು ಶ್ರೀಲಂಕೆಯ ದಕ್ಷಿಣದಿಂದ ಕೊಲ್ಲಿಗೆ ನುಗ್ಗಿ, ಭಾರವಾದ್ದರಿಂದ ಅಲ್ಲಿನ ಹಗುರ ನೀರಿನ ಅಡಿಗೆ ಸೇರಿಕೊಳ್ಳುತ್ತದೆ. 2016ರ ಜೂನ್-ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದ ತಂಡಗಳು 'ಸಿಂಧು ಸಾಧನಾ' ಹಡಗಿನಲ್ಲಿ ಹೋಗಿ, ತಾವಾಗಿಯೇ ಮುಳುಗಿ ಏಳುವ ಜಲಗ್ಲೈಡರುಗಳನ್ನು ಬಿಟ್ಟು ಈ ಹರಿವನ್ನು ಹತ್ತಿರದಿಂದ ಅಳೆದವು. ಕೊಲ್ಲಿ ಬೆಚ್ಚಗಿದ್ದರೆ ಅಲ್ಲಿ ವಾಯುಭಾರ ಕುಸಿತಗಳು ಹುಟ್ಟಲು ಅನುಕೂಲ. ಅವು ಪಶ್ಚಿಮಕ್ಕೆ ಸರಿಯುವಾಗ ಒಳನಾಡಿನ ನಮ್ಮ ಸೀಮೆಗೂ ಮಳೆ ತರುತ್ತವೆ.

ಅಣುಬಾಂಬಿನ ಕುರುಹು

ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆರೆತ ಶ್ರೀಕೃಷ್ಣ ಪಾರಿಜಾತದ ಊರಿನವರಿಗೆ, ಪಾರಿಜಾತದ ಗಿಡ ಸಮುದ್ರ ಕಡೆದಾಗ ಹುಟ್ಟಿದ್ದೆಂದು ನಾನು ಹೇಳಬೇಕಾಗಿಲ್ಲ. ಸಮುದ್ರವು ನಿಜವಾಗಿಯೂ ತಳದವರೆಗೆ ಕಡೆಯಲ್ಪಡುತ್ತಿದೆ, ಆದರೆ ಬಹಳ ನಿಧಾನವಾಗಿ. ಅರಬ್ಬೀ ಸಮುದ್ರದ ಮೇಲ್ಭಾಗ 28-30 ಡಿಗ್ರಿ ಇರುವಾಗಲೂ 2,000 ಮೀಟರ್ ಆಳದಲ್ಲಿ ನೀರು 3 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಉಷ್ಣವಲಯದಲ್ಲಿ ಇಂಥ ತಂಪು ಹುಟ್ಟಲಾರದು. ಗ್ರೀನ್‌ಲ್ಯಾಂಡ್ ಮತ್ತು ದಕ್ಷಿಣ ಧ್ರುವದ ಸಮೀಪ ಚಳಿಗೆ ಭಾರವಾದ ನೀರು ತಳಕ್ಕಿಳಿದು ಜಗತ್ತಿನ ಸಾಗರಗಳಲ್ಲೆಲ್ಲ ಹರಡುತ್ತದೆ.

ಇದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಬೆಳೆಗೆ ಕೊಟ್ಟ ಯೂರಿಯಾದಲ್ಲಿ ಎಷ್ಟು ಪಾಲು ಪೈರಿಗೆ ಸೇರಿತು, ಎಷ್ಟು ಬಸಿದುಹೋಯಿತು ಎಂದು ತಿಳಿಯಲು ನಾವು ಬೇಸಾಯ ಶಾಸ್ತ್ರಜ್ಞರು ಸಾರಜನಕ-15 ಎಂಬ ಗುರುತಿನ ಪರಮಾಣು ಸೇರಿಸಿದ ಗೊಬ್ಬರವನ್ನು ಪ್ರಯೋಗದ ತಾಕಿಗೆ ಹಾಕುತ್ತೇವೆ. ಸಮುದ್ರಕ್ಕೆ ಅಂಥ ಗುರುತನ್ನು ಬೇಕೆಂದು ಹಾಕಲು ಸಾಧ್ಯವಿಲ್ಲ. ಆದರೆ ಮನುಷ್ಯನ ಅವಿವೇಕವೇ ಆ ಕೆಲಸ ಮಾಡಿತು. 1950ರ ದಶಕದಲ್ಲಿಯೂ 1960ರ ಆರಂಭದಲ್ಲಿಯೂ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಟ್ರಿಟಿಯಮ್ ಮತ್ತು ಇಂಗಾಲ-14 ಎಂಬ ವಿಕಿರಣಶೀಲ ಪರಮಾಣುಗಳು ಗಾಳಿಗೆ ಸೇರಿ, ಸಮುದ್ರದ ಮೇಲ್ಮೈಗೆ ಇಳಿದವು. 1972ರಿಂದ 1978ರವರೆಗೆ ಹಲವು ಸಾಗರಗಳಲ್ಲಿ ಹಡಗುಗಳು ಸಂಚರಿಸಿ, ಬೇರೆ ಬೇರೆ ಆಳದ ನೀರನ್ನು ತುಂಬಿ ತಂದು ಪರೀಕ್ಷಿಸಿದವು. ಟ್ರಿಟಿಯಮ್ ಕಂಡಲ್ಲಿ ನೀರು ಈಚೆಗೆ ಮೇಲಿನಿಂದ ಇಳಿದದ್ದು, ಕಾಣದಲ್ಲಿ ಹಳೆಯ ನೀರು. ಶೀತಕ ಯಂತ್ರಗಳಲ್ಲಿ ತುಂಬುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳೂ ಮುಂದೆ ಇದೇ ರೀತಿ ಗುರುತಾಗಿ ಒದಗಿದವು.

ನಿಸರ್ಗದಲ್ಲಿಯೇ ಇರುವ ಇಂಗಾಲ-14 ಇನ್ನೂ ಹಳೆಯ ಲೆಕ್ಕವನ್ನು ಕೊಡುತ್ತದೆ. ಅದು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಗಾಳಿಯ ಸಂಪರ್ಕ ತಪ್ಪಿದ ನೀರಿನಲ್ಲಿ ಎಷ್ಟು ಕಡಿಮೆಯಾಗಿದೆ ಎಂಬುದರಿಂದ ವಯಸ್ಸು ಹೇಳಬಹುದು. ಉತ್ತರ ಪೆಸಿಫಿಕ್‌ನ ತಳದ ನೀರು ಮೇಲ್ಮೈಯನ್ನು ಬಿಟ್ಟು ಸಾವಿರ ವರ್ಷಕ್ಕೂ ಮಿಕ್ಕಿದೆ ಎಂದು ಹೀಗೆ ಕಂಡುಬಂದಿತು.

ಮುಳುಗಿ ಏಳುವ ತೇಲುಕೊಳವೆಗಳು

ಹಡಗಿನಿಂದ ಅಳೆಯುವುದರಲ್ಲಿ ಒಂದು ಕೊರತೆಯಿದೆ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹತ್ತಾರು ಹಡಗುಗಳು ದುಡಿದವು. ಅದರ ಫಲವಾಗಿಯೇ 1966ರ ಜನವರಿ 1ರಂದು ಗೋವೆಯ ಸಂಸ್ಥೆ ಹುಟ್ಟಿತು. ಆದರೂ ಹಡಗು ಇದ್ದ ಸ್ಥಳದ, ಇದ್ದ ದಿನದ ಅಳತೆಯಷ್ಟೇ ಸಿಗುತ್ತದೆ. ಒಂದು ಮಳೆಮಾಪಕವನ್ನು ವರ್ಷಕ್ಕೊಮ್ಮೆ ನೋಡಿ ಬಂದಂತೆ.

1999-2000ರ ಸುಮಾರಿಗೆ ಆರಂಭವಾದ ಆರ್ಗೊ ಯೋಜನೆ ಇದನ್ನು ಬದಲಿಸಿತು. ಆಳೆತ್ತರದ ಕೊಳವೆಯಂಥ ಉಪಕರಣವನ್ನು ಸಮುದ್ರಕ್ಕೆ ಬಿಡುತ್ತಾರೆ. ಅದು 1,000 ಮೀಟರ್ ಆಳಕ್ಕಿಳಿದು ಸುಮಾರು ಒಂಬತ್ತು ದಿನ ಹರಿವಿನೊಡನೆ ಸಾಗುತ್ತದೆ. ಬಳಿಕ 2,000 ಮೀಟರಿಗೆ ಇಳಿದು, ಅಲ್ಲಿಂದ ಉಷ್ಣತೆ ಮತ್ತು ಉಪ್ಪನ್ನು ಅಳೆಯುತ್ತ ಮೇಲೆ ಬಂದು, ಉಪಗ್ರಹಕ್ಕೆ ಅಂಕಿಗಳನ್ನು ಕಳಿಸಿ ಮತ್ತೆ ಮುಳುಗುತ್ತದೆ. ಮೀನು ತನ್ನ ಹೊಟ್ಟೆಯ ಗಾಳಿಚೀಲದಿಂದ ಮೇಲೆ ಕೆಳಗೆ ಹೋಗುವಂತೆ ಇದು ಎಣ್ಣೆಯನ್ನು ಹೊರಗಿನ ಚೀಲಕ್ಕೆ ತುಂಬಿ ಏಳುತ್ತದೆ, ಒಳಕ್ಕೆಳೆದು ಮುಳುಗುತ್ತದೆ. ಹತ್ತು ದಿನದ ಹಿಂದೆ ಎಲ್ಲಿ ಮುಳುಗಿತ್ತು, ಈಗ ಎಲ್ಲಿ ಎದ್ದಿತು ಎಂಬುದರಿಂದ ಒಳಹರಿವಿನ ದಿಕ್ಕು, ವೇಗ ಸಿಗುತ್ತವೆ. 2007ರಲ್ಲಿ ಇಂಥವು ಮೂರು ಸಾವಿರವಾದವು, ಈಗ ನಾಲ್ಕು ಸಾವಿರದ ಹತ್ತಿರ ಇವೆ. ಭಾರತದ ಪರವಾಗಿ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. "ಯಾರು ಇಳದು ನೋಡ್ಯಾರ?" ಎಂದ ಅಜ್ಜನವರಿಗೆ ನನ್ನ ಉತ್ತರ ಇದೇ: ಮನುಷ್ಯರಲ್ಲ, ಈ ಕೊಳವೆಗಳು ಹತ್ತು ದಿನಕ್ಕೊಮ್ಮೆ ಇಳಿದು ನೋಡಿ ಬರುತ್ತಿವೆ.

ಮೇಲಿನಿಂದ ಉಪಗ್ರಹಗಳು ಸಮುದ್ರದ ಮಟ್ಟವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಅಳೆಯುತ್ತವೆ. ಭಾರತ ಮತ್ತು ಫ್ರಾನ್ಸ್ ಕೂಡಿ 2013ರಲ್ಲಿ ಹಾರಿಸಿದ 'ಸರಳ್' ಅಂಥದೊಂದು. ಬೆಚ್ಚನೆಯ ನೀರು ಹಿಗ್ಗಿ ಎತ್ತರವಾಗುವುದರಿಂದ ಶಾಖ ಎಲ್ಲಿ ಗುಂಪಾಗಿದೆ ಎಂಬುದೂ ಅದರಿಂದ ಕಾಣುತ್ತದೆ.

ಪೆಸಿಫಿಕ್ ಮತ್ತು ಕುಲಗೋಡ

ಇನ್ನು ಮೊದಲ ಪ್ರಶ್ನೆ. ಹಿರಿಯರು ಧಾತು-ಈಶ್ವರ ಸಂವತ್ಸರದ ಬರಗಾಲದ ಮಾತನ್ನು ತಮ್ಮ ಹಿರಿಯರಿಂದ ಕೇಳಿರಬಹುದು. 1876-78ರ ಆ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬಹಳ ನರಳಿದವು. ಆಗ ಪೆಸಿಫಿಕ್‌ನಲ್ಲಿ ಅತಿ ತೀವ್ರ ಎಲ್ ನಿನೊ ಇತ್ತೆಂದು ಈಗ ಗೊತ್ತಾಗಿದೆ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ, ಮುಂಗಾರಿನ ಸುಳಿವನ್ನು ಹುಡುಕುತ್ತ ಜಗತ್ತಿನ ಹವೆಯ ಅಂಕಿಗಳನ್ನೆಲ್ಲ ತಾಳೆ ಹಾಕಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಗಾಳಿಯ ಒತ್ತಡ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುತ್ತದೆಂದು ತೋರಿಸಿದ.

ಸಾಮಾನ್ಯ ವರ್ಷಗಳಲ್ಲಿ ಪೂರ್ವದ ಗಾಳಿ ಪೆಸಿಫಿಕ್‌ನ ಬೆಚ್ಚನೆಯ ನೀರನ್ನು ಇಂಡೋನೇಷ್ಯದ ಕಡೆಗೆ ನೂಕಿಟ್ಟಿರುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಈ ಗಾಳಿ ಸಡಿಲವಾದಾಗ ಬೆಚ್ಚನೆಯ ನೀರು ಪೂರ್ವಕ್ಕೆ ಮರಳಿ ಹರಿಯುತ್ತದೆ, ಅದೇ ಎಲ್ ನಿನೊ. ಗಾಳಿ ಮೇಲೇರುವ ಸ್ಥಳವೂ ಅದರೊಡನೆ ಸರಿಯುತ್ತದೆ. ಒಂದು ಕಡೆ ಏರಿದ ಗಾಳಿ ಇನ್ನೊಂದು ಕಡೆ ಇಳಿಯಲೇಬೇಕು. ಇಳಿಯುವ ಗಾಳಿ ನಮ್ಮ ದೇಶದ ಮೇಲೆ ಬಂದರೆ ಮೋಡ ಬೆಳೆಯುವುದಿಲ್ಲ. 1972, 1982, 1987, 2002, 2009, 2015 ಇವೆಲ್ಲ ಹೀಗೆ ಮಳೆ ಕೊರತೆಯಾದ ಎಲ್ ನಿನೊ ವರ್ಷಗಳು.

ಆದರೆ 1997ರಲ್ಲಿ ಶತಮಾನದ ಅತಿ ಬಲಿಷ್ಠ ಎಲ್ ನಿನೊಗಳಲ್ಲೊಂದು ಬಂದರೂ ದೇಶದ ಮುಂಗಾರು ವಾಡಿಕೆಯ ಶೇಕಡಾ 102ರಷ್ಟಾಯಿತು. ಇದರ ಕಾರಣವನ್ನು ಹುಡುಕುವಾಗ ನಮ್ಮ ಸಮುದ್ರದ ಪಾತ್ರ ಬೆಳಕಿಗೆ ಬಂತು. 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಜಪಾನಿನ ಯಮಗಾಟ ಎಂಬ ವಿಜ್ಞಾನಿಗಳು, ಹಿಂದೂ ಮಹಾಸಾಗರದಲ್ಲಿಯೂ ಕೆಲವು ವರ್ಷ ಆಫ್ರಿಕದ ಮಗ್ಗುಲು ಬೆಚ್ಚಗಾಗಿ ಸುಮಾತ್ರದ ಮಗ್ಗುಲು ತಂಪಾಗುವುದನ್ನು ವಿವರಿಸಿದರು. ಇದಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಎಂಬ ಹೆಸರು. ಪಶ್ಚಿಮ ಮಗ್ಗುಲು ಬೆಚ್ಚಗಿರುವ ವರ್ಷಗಳಲ್ಲಿ ಎಲ್ ನಿನೊದ ಪೆಟ್ಟು ನಮಗೆ ಸ್ವಲ್ಪ ತಗ್ಗುತ್ತದೆ. 1997 ಅಂಥ ವರ್ಷ. 2023ರ ಸಭೆಯಲ್ಲಿ ನಾನು ಪೆಸಿಫಿಕ್ ಒಂದನ್ನೇ ಹೇಳಿ ನಮ್ಮ ಸಮುದ್ರದ ಮಾತನ್ನು ಎತ್ತದೆ ಬಿಟ್ಟದ್ದು ತಪ್ಪಾಯಿತು.

ಹಾಗೆಂದು ಅದನ್ನೇ ನಂಬಿ ಕೂರಲೂ ಬರುವುದಿಲ್ಲ. 2023ರಲ್ಲಿ ದ್ವಿಧ್ರುವ ಅನುಕೂಲವಾಗಿ ತಿರುಗಿತು, ಆದರೆ ತಡವಾಗಿ. ಆ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್ ಎನಿಸಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಇದಕ್ಕೆ ನಾಲ್ಕು ವರ್ಷ ಮುಂಚೆ ನಡೆದದ್ದು ಇನ್ನೊಂದು ಬಗೆ. 2019ರ ಏಪ್ರಿಲ್‌ನಲ್ಲಿ ವಾಡಿಕೆಯ ಶೇಕಡಾ 96 ಎಂದು ಮುನ್ಸೂಚನೆ ಬಂದಿತ್ತು. ಜೂನ್ ಒಣಗಿತು. ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ಹೊಳೆಸಾಲಿನ ಹಳ್ಳಿಗಳಿಗೂ ನುಗ್ಗಿತು. ಹಂಗಾಮಿನ ಕೊನೆಗೆ ದೇಶದ ಮಳೆ ಶೇಕಡಾ 110 ಆಗಿತ್ತು. ಸಮುದ್ರದ ಶಾಖ ಇಡೀ ಹಂಗಾಮಿನ ಒಲವನ್ನು ಹೇಳಬಲ್ಲದು. ಯಾವ ವಾರ ಯಾವ ಊರಿಗೆ ಎಷ್ಟು ಮಳೆ ಎಂಬುದನ್ನು ಹೇಳಲಾರದು.

ಹೊಲದಲ್ಲಿ ಏನು ಮಾಡಬೇಕು

ಹವಾಮಾನ ಇಲಾಖೆ ಏಪ್ರಿಲ್ ಮಧ್ಯದಲ್ಲಿ ಮತ್ತು ಮೇ ಕೊನೆಯಲ್ಲಿ ಹಂಗಾಮಿನ ಮುನ್ಸೂಚನೆ ಕೊಡುತ್ತದೆ. ಮೇಲೆ ಹೇಳಿದ ಸಮುದ್ರದ ಅಳತೆಗಳು ಅದರ ಲೆಕ್ಕದಲ್ಲಿ ಸೇರಿರುತ್ತವೆ. ಅದರಲ್ಲಿ ಎಲ್ ನಿನೊ ಮತ್ತು ದ್ವಿಧ್ರುವ ಎರಡರ ಮಾತನ್ನೂ ಓದಿರಿ. ಎರಡೂ ಪ್ರತಿಕೂಲವಿದ್ದ ವರ್ಷ ಒಣಬೇಸಾಯದವರು ಹೊಲವನ್ನೆಲ್ಲ ಒಂದೇ ದೀರ್ಘಾವಧಿ ಬೆಳೆಗೆ ಕೊಡಬಾರದು. ಎರೆಯಲ್ಲಿ ಒಂದು ಪಾಲಿಗೆ ಬೇಗ ಕೊಯ್ಲಿಗೆ ಬರುವ ಹೆಸರನ್ನು ಬಿತ್ತಿ, ಉಳಿದದ್ದನ್ನು ಹಿಂಗಾರಿ ಜೋಳ ಅಥವಾ ಕಡಲೆಗೆ ಕಾಯ್ದಿಡುವುದು ಲೇಸು. ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿಯೇ ಮಳೆ ಹೆಚ್ಚು. ಒಂದೇ ಅಡ್ಡ ಮಳೆಗೆ ಅವಸರಪಟ್ಟು ಕೂರಿಗೆ ಹೂಡಿದರೆ ಬೀಜ ಹಾಳು.

ಕಾಲುವೆಯವರೂ ಉದಾಸೀನ ಮಾಡುವಂತಿಲ್ಲ. ಹಿಡಕಲ್ ತುಂಬುವುದು ಘಟ್ಟದ ಮಳೆಯಿಂದ. ಅಂಥ ವರ್ಷ ಹೊಸ ಕಬ್ಬಿನ ನಾಟಿಯನ್ನು ಮಿತಿಯಲ್ಲಿಡಬೇಕು. ಕುಳೆ ಕಬ್ಬಿನ ರವದಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸಬೇಕು, ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಬೇಕು. ತಾಕಿಗೆ ತಕ್ಕ ತಳಿ ಮತ್ತು ಬೀಜದ ವಿಚಾರವನ್ನು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಸಭೆ ಮುಗಿದ ಮೇಲೆ ಆ ಅಜ್ಜನವರು ತಮ್ಮ ಎರೆ ಹೊಲಕ್ಕೆ ಕರೆದೊಯ್ದು, ಹಿಂಗಾರಿಗೆಂದು ಬಿಟ್ಟ ಭಾಗವನ್ನು ತೋರಿಸಿದರು. ಹೊಲ ಹರಗಿತ್ತು, ಚೌಕು ಮಡಿ ಹಾಕಿರಲಿಲ್ಲ. ಬರುವ ಮಳೆ ಕಡಿಮೆಯಾಗಲಿ ಹೆಚ್ಚಾಗಲಿ, ಬಿದ್ದಲ್ಲಿಯೇ ಇಂಗಿಸಲು ಮುಂಗಾರಿನ ಮೊದಲಲ್ಲಿಯೇ ಚೌಕು ಮಡಿ ಕಟ್ಟಬೇಕೆಂದು ಹೇಳಿ ಬಂದೆ. ಮರುವಾರ ಹೋದಾಗ ಅರ್ಧ ಹೊಲಕ್ಕೆ ಕಟ್ಟಿಸಿದ್ದರು.